ಸುಣ್ಣ ಬಳಿಯದ ಕಲ್ಲು

ಮೊನ್ನೆ ಮಗಳ ಮನೆಯ ಗೋಡೆಗೆ ಸುಣ್ಣ ಬಳಿಸುತ್ತಿದ್ದರು. ಮೊಮ್ಮಗಳ ಮದುವೆ ಹತ್ತಿರ ಬಂದಿದೆ. ಅಡುಗೆಮನೆಯ ಬಾಗಿಲ ಪಕ್ಕ, ಸೊಂಟದ ಎತ್ತರದಲ್ಲಿ, ಒಂದೇ ಒಂದು ಮುರಕಲ್ಲು ಗಾರೆಯಿಲ್ಲದೆ ಸುಣ್ಣವಿಲ್ಲದೆ ಕೆಂಪಗೆ ಉಳಿದಿದೆ. ಸುಣ್ಣ ಬಳಿಯುವವನು ಕುಂಚ ಹಿಡಿದುಕೊಂಡು ಅದರ ಮುಂದೆ ನಿಂತ.

"ಅಮ್ಮಾ, ಈ ಕಲ್ಲೊಂದ್ ಎಂತಕ್ ಬಿಟ್ಟದ್? ಇದ್ಕೂ ಒಂದ್ ಕೈ ಹೊಡಿಲಾ?"

ಒಳಗಿಂದ ಮಗಳು ಕೂಗಿದಳು. "ಹ್ವಾಯ್, ಅದ್ ಮುಟ್ಬೇಡ ಮಾರಾಯ! ಅದ್ ನಮ್ಮ ಅಮ್ಮ ತಿಂದ್ ಕಲ್ಲ್!"

ಅವನು ತಿರುಗಿ ನನ್ನ ಬಾಯನ್ನೇ ನೋಡಿದ. ಹಲ್ಲು ಎಷ್ಟು ಉಳಿದಿವೆ ಎಂದು ನೋಡಿದನೋ ಏನೋ. ಧೂಳು ಹೋಗಲೆಂದು ಅವನು ಗೋಡೆಗೆ ನೀರು ಎರಚಿದ್ದ. ಬಿಸಿಲಿಗೆ ಕಾದ ಆ ಕಲ್ಲಿನ ಮೇಲೂ ನಾಲ್ಕು ಹನಿ ಬಿದ್ದಿತ್ತು. ಆ ವಾಸನೆ ಮೂಗಿಗೆ ಬಂದದ್ದೇ ಸರಿ, ನಾನು ಜಗಲಿಯಲ್ಲಿ ಕೂತವಳು ಕೂತ ಹಾಗೆಯೇ ಆ ಬೇಸಿಗೆಗೆ ಹೋಗಿಬಿಟ್ಟೆ.

ಯುದ್ಧ ನಿಂತಿತ್ತು, ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ಸೀಮೆಎಣ್ಣೆಗೆ, ಬಟ್ಟೆಗೆ, ಅಕ್ಕಿಗೆ ಎಲ್ಲದಕ್ಕೂ ಕಂಟ್ರೋಲು. ನಮ್ಮದು ವಂಡ್ಸೆಯಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ, ಗದ್ದೆ ದಾಟಿ ಹೋಗಬೇಕಾದ ಮನೆ. ನಮ್ಮ ಮನೆಯವರ ಮುತ್ತಜ್ಜನ ಕಾಲದ್ದು. ಮುರಕಲ್ಲಿನ ದಪ್ಪ ಗೋಡೆ, ಮೇಲೆ ಹುಲ್ಲಿನ ಮಾಡು. ಕಲ್ಲುಗಳ ನಡುವೆ ಗಾರೆಯಲ್ಲ, ಬರೀ ಮಣ್ಣು. ಹಿಂದಿನ ಮಳೆಗಾಲದಲ್ಲಿ ಪಡುಗೋಡೆ ಹೊರಗೆ ಉಬ್ಬಿ ನಿಂತಿತ್ತು. ಮಾಡಿನ ಮರವನ್ನು ಗೆದ್ದಲು ತಿಂದು ಹೊರಗಿನ ಸಿಪ್ಪೆ ಮಾತ್ರ ಉಳಿದಿತ್ತು. ಇನ್ನೊಂದು ಮಳೆ ತಡೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಗೋಡೆ ಬಿಚ್ಚಿ ಕಟ್ಟುವುದು, ಹುಲ್ಲು ತೆಗೆದು ಹಂಚು ಹಾಕುವುದು ಎಂದು ತೀರ್ಮಾನವಾಯಿತು.

ಮನೆಯಲ್ಲಿ ಇದ್ದದ್ದು ಮೂರೇ ಜನ. ನಾನು, ನಮ್ಮ ಮನೆಯವರು, ಮತ್ತೆ ಅವರ ಸೋದರತ್ತೆ ಭಾಗೀರಥಿ ಅತ್ತೆ. ನನ್ನ ಅತ್ತೆ ಮಾವ ಇಬ್ಬರೂ ತೀರಿಹೋಗಿದ್ದರು. ಭಾಗೀರಥಿ ಅತ್ತೆ ಹುಟ್ಟಿದ್ದು ಈ ಮನೆಯಲ್ಲಿ. ಮದುವೆಯಾಗಿ ಹೋಗಿ, ಇನ್ನೂ ಲಂಗ ಉಡುವ ಪ್ರಾಯದಲ್ಲೇ ವಿಧವೆಯಾಗಿ ತಿರುಗಿ ಬಂದವರು. ಬೋಳು ತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದು, ಮನೆಯ ಕೆಲಸವನ್ನೆಲ್ಲ ಕೈಯಲ್ಲಿ, ಊರಿನ ಸುದ್ದಿಯನ್ನೆಲ್ಲ ಬಾಯಲ್ಲಿ ಇಟ್ಟುಕೊಂಡಿದ್ದರು. ಮನೆಯಲ್ಲಿ ಶುಭಕಾರ್ಯ ಎಂದರೆ ಮಾತ್ರ ತಾವಾಗಿಯೇ ಅಡುಗೆಮನೆಯ ಬಾಗಿಲ ಹಿಂದೆ ಸರಿಯುತ್ತಿದ್ದರು. ಯಾರೂ ಹೇಳುವುದು ಬೇಕಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಹುಲ್ಲು ಇಳಿಸಿದರು. ನಾವು ಪಾತ್ರೆ ಪರಡಿ, ದೇವರ ಪೆಟ್ಟಿಗೆ ಹಿಡಿದುಕೊಂಡು ಹಟ್ಟಿಗೆ, ಎಂದರೆ ದನದ ಕೊಟ್ಟಿಗೆಗೆ, ಬಂದೆವು. ಒಂದು ಬದಿ ದನ, ಒಂದು ಬದಿ ನಾವು. ದನಗಳು ಬೇಸರ ಮಾಡಲಿಲ್ಲ, ಅದೇ ದೊಡ್ಡದು. ಪಡುಗೋಡೆಯ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ಅಂಗಳದಲ್ಲಿ ಸಾಲಾಗಿ ಇಟ್ಟರು. ಒಡೆದದ್ದನ್ನು ಬಿಟ್ಟು ಉಳಿದದ್ದನ್ನು ಮತ್ತೆ ಕೆತ್ತಿ ಹದ ಮಾಡಿದರು. ಕುಂದಾಪುರದಿಂದ ಚಿಪ್ಪಿನ ಸುಣ್ಣ ತರಿಸಿ, ಮರಳು ಸೇರಿಸಿ, ಬೆಲ್ಲದ ನೀರು ಹಾಕಿ ಹುಳಿ ಬರಲು ಬಿಟ್ಟರು. ಬೆಲ್ಲಕ್ಕೂ ಆಗ ಬರವೇ. ನೆರೆಮನೆಯ ಹೆಂಗಸರು ಸೆರಗಿನಲ್ಲಿ ಒಂದೊಂದು ತುಂಡು ಕಟ್ಟಿಕೊಂಡು ತಂದು ಹಾಕಿದರು. ಹಬ್ಬಕ್ಕೆಂದು ಇಟ್ಟದ್ದನ್ನು ನಮ್ಮ ಗೋಡೆಗೆ ತಂದರಲ್ಲ ಎಂದು ಇಂದಿಗೂ ನೆನೆಯುತ್ತೇನೆ.

ಮರದ ಕೆಲಸಕ್ಕೆ ಬಂದವರು ವಾಸು ಆಚಾರಿ. ಮಾಡಿನ ಇಳಿಜಾರಿಗೆ ತಾಳೆಮರದ ಪಕ್ಕಾಸು ಕೆತ್ತುತ್ತಾ ಅಂಗಳದ ಹಲಸಿನ ನೆರಳಲ್ಲಿ ಕೂತಿರುತ್ತಿದ್ದರು. ಕಬ್ಬಿಣದ ಮೊಳೆ ಸಿಗದ ಕಾಲವಾದ್ದರಿಂದ ಬಿದಿರಿನ ಆಣಿ ಮಾಡಿ ಗುಡ್ಡೆ ಹಾಕಿದ್ದರು.

ಯುಗಾದಿ ಕಳೆದ ಮೇಲೆ ನನಗೆ ಒಂದು ವಿಚಿತ್ರ ಶುರುವಾಯಿತು. ಅನ್ನದ ವಾಸನೆ ಬೇಡ, ಒಗ್ಗರಣೆಯ ವಾಸನೆಯಂತೂ ಬೇಡವೇ ಬೇಡ. ಆದರೆ ಕೆಲಸದವರು ಕಟ್ಟಿದ ಗೋಡೆಗೆ ನೀರು ಹೊಡೆದಾಗ ಆ ಕೆಂಪು ಕಲ್ಲಿನಿಂದ ಬರುವ ವಾಸನೆ ಇದೆಯಲ್ಲ, ಅದಕ್ಕೆ ಪ್ರಾಣವೇ ಎಳೆಯುತ್ತಿತ್ತು. ಅಡುಗೆ ಬಿಟ್ಟು ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರೆಂದುಕೊಂಡು, ಬಾಗಿಲ ಪಕ್ಕದ ಕಲ್ಲಿನಿಂದ ಉಗುರಲ್ಲಿ ಚೂರು ಕೆರೆದು ಬಾಯಿಗೆ ಹಾಕಿಕೊಂಡೆ.

"ಹ್ವಾಯ್ ಅಮ್ಮಾ, ಎಂತದ್ ಬಾಯಿಗ್ ಹಾಕಂಡದ್? ಕಲ್ಲಾ?"

ವಾಸು ಆಚಾರಿ ಹಲಸಿನ ಬುಡದಲ್ಲೇ ಇದ್ದರು. ನಾನು ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಭಾಗೀರಥಿ ಅತ್ತೆ ಬಾವಿಕಟ್ಟೆಯಿಂದ ಬಂದರು. ನನ್ನ ಮುಖ ನೋಡಿದರು, ಉಗುರು ನೋಡಿದರು.

"ಎಷ್ಟ್ ತಿಂಗ್ಳಾಯ್ತ್ ಹೆಣ್ಣೇ?"

ನನಗೆ ಅಳುವೇ ಬಂತು. ಅದಕ್ಕೆ ಕಾರಣವಿತ್ತು. ಎರಡು ಸಲ ನನಗೆ ಮೂರು ತಿಂಗಳಿಗೇ ಹೋಗಿತ್ತು. ಈ ಸಲ ಯಾರಿಗೂ ಹೇಳದೆ, ಕೊಲ್ಲೂರಮ್ಮನಿಗೆ ಮಾತ್ರ ಹೇಳಿ, ದಿನ ದೂಡುತ್ತಿದ್ದೆ. ಈಗ ನಡೆಯುತ್ತಿದ್ದದ್ದು ಅದೇ ಮೂರನೆಯ ತಿಂಗಳು.

ಆಚಾರಿ ಉಳಿಯನ್ನು ಒರೆಸಿ ಚೀಲಕ್ಕೆ ಹಾಕಿದರು. ಸಿಟ್ಟಿನಿಂದಲ್ಲ, ಬಹಳ ಮೆಲ್ಲಗೆ.

"ನಾ ಇನ್ನ್ ಈ ಕೆಲ್ಸ ಮುಟ್ಟುದಿಲ್ಲೆ ಅಮ್ಮಾ. ಬಸ್ರಿ ಹೆಂಗ್ಸಿನ ಗಂಡ ಮನಿ ಕಟ್ಸುಕಾಗ. ಅವ್ರ ಕೈಂದ ವೀಳ್ಯ ತಕಂಡ್ ನಾ ಮಾಡ್ ಏರ್ಸುಕೂ ಆಗ."

ಇದು ನಮ್ಮ ಕಡೆಯ ಹಿಂದಿನ ಕಟ್ಟಳೆ. ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸಬಾರದು, ಸಮುದ್ರಸ್ನಾನ ಮಾಡಬಾರದು, ಮನೆ ಕಟ್ಟಬಾರದು. ಕಟ್ಟಿದರೆ ಹೊಟ್ಟೆಯಲ್ಲಿದ್ದದ್ದಕ್ಕೆ ಆಪತ್ತು. ಎರಡು ಕಳೆದುಕೊಂಡವಳಿಗೆ ಅದನ್ನು ನಂಬಬೇಡ ಎಂದು ಯಾರು ಹೇಳಬಲ್ಲರು?

ಗದ್ದೆಯಿಂದ ಬಂದ ನಮ್ಮ ಮನೆಯವರು ಸುದ್ದಿ ಕೇಳಿ ಅಂಗಳದಲ್ಲೇ ಕೂತರು. ಸ್ವಲ್ಪ ಹೊತ್ತಿಗೆ ಎದ್ದು ಹೇಳಿದರು. "ಎಲ್ಲ ಮನೆಗ್ ಹೋಯ್ನಿ. ಕೆಲ್ಸ ಇಲ್ಲೆ. ಮನಿ ಹೋದ್ರೆ ಹೋಯ್ಲಿ, ಮತ್ತೊಂದ್ ಕಟ್ಟುಕಾತ್ತ್."

ಅವರು ಹಾಗೆ ಹೇಳಿದ್ದನ್ನು ಕೇಳಿ ನನಗೆ ಸಮಾಧಾನವೂ ಆಯಿತು, ಹೆದರಿಕೆಯೂ ಆಯಿತು. ಮಾಡಿಲ್ಲದೆ ನಿಂತ ಗೋಡೆಗಳು ಒಂದು ಮಳೆಗಾಲ ಕಳೆಯುವುದಿಲ್ಲ. ಒಳಗೋಡೆಯ ಮಣ್ಣು ಕರಗಿ ಕಲ್ಲೆಲ್ಲ ಕುಸಿಯುತ್ತದೆ. ತಾತ್ಕಾಲಿಕವಾಗಿ ಹುಲ್ಲು ಹೊದೆಸೋಣವೆಂದರೂ ಮೊದಲು ಮಾಡು ಏರಿಸಬೇಕು, ಏರಿಸುವುದೇ ಮಾಡಬಾರದ ಕೆಲಸ. ದೀಪಾವಳಿ ಹೊತ್ತಿಗೆ ಹೆರಿಗೆ. ತಾಯಿಯಿಲ್ಲದ ತವರು ನನ್ನದು, ಹೋಗುವ ಹಾಗಿಲ್ಲ. ಬಾಣಂತನಕ್ಕೆ ಹಟ್ಟಿಯೇ ಗತಿ.

ಕೆಲವು ದಿನ ಅಂಗಳದಲ್ಲಿ ಉಳಿಯ ಸದ್ದಿಲ್ಲ. ಸುಣ್ಣದ ಗುಂಡಿಯ ಮೇಲೆ ಕೆನೆ ಕಟ್ಟಿತು. ಸಂಜೆ ಮೂಡುಗಡೆ, ಕೊಡಚಾದ್ರಿಯ ಮೇಲೆ ಮಿಂಚು ಆಡಲು ಶುರುವಾಯಿತು. ನಮ್ಮ ಮನೆಯವರು ಗಡ್ಡ ಬೆಳೆಸಿಕೊಂಡು ಬಾವಿಕಟ್ಟೆಯ ಮೇಲೆ ಕೂತು ಆಕಾಶ ನೋಡುತ್ತಿದ್ದರು. ನಾನು ದೇವರ ಪೆಟ್ಟಿಗೆಯ ಮುಂದೆ ದೀಪ ಹಚ್ಚಿ, "ಅಮ್ಮಾ, ಮನೆ, ಮಗು ಎರಡರಲ್ಲಿ ಒಂದು ಎಂದು ಕೇಳಬೇಡ" ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಅತ್ತೆ ಪುರೋಹಿತ ಭಟ್ಟರನ್ನು ತಾವೇ ಹೋಗಿ ಕರೆದುಕೊಂಡು ಬಂದರು. ಭಟ್ಟರು ಕೂತು ನೀರು ಕುಡಿಯುವುದರೊಳಗೆ ಅತ್ತೆ ನಮ್ಮ ಮನೆಯವರನ್ನು ಕೇಳಿದರು.

"ಮಾಣಿ, ನೀ ಹುಟ್ಟಿದ್ದ್ ಎಲ್ಲಿ?"

"ಅಮ್ಮನ ತವ್ರಲ್ಲಿ. ಸಾಸ್ತಾನದಗೆ."

"ನಿನ್ನ ಅಪ್ಪಯ್ಯ?"

"ಅವ್ರೂ ಚೊಚ್ಚಲ ಅಲ್ದಾ? ಅವ್ರ ಅಜ್ಜಿಮನೇಲಿ."

"ಹಾಂಗಾರೆ ಈ ಮಾಡಿನ ಅಡಿಗ್ ಹುಟ್ಟಿದ್ ಯಾರ್? ನಾನೊಬ್ಳ್. ಭಟ್ರೇ, ಇವ್ನ್ ಮನಿ ನಂಗ್ ಕೊಡ್ಲಿ. ನಂಗೆ ಗಂಡನೂ ಇಲ್ಲೆ, ಬಸ್ರಿ ಹೆಂಡ್ತಿಯೂ ಇಲ್ಲೆ. ನಾ ಕಟ್ಸುಕಾತ್ತಲ್ದಾ?"

ಭಟ್ಟರು ನಗಲಿಲ್ಲ. ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟು ಹೇಳಿದರು.

"ಶಾಸ್ತ್ರ ಹೇಳಿದ್ದ್ ಬಸ್ರಿಯ ಗಂಡನಿಗೆ. ಮನಿ ಅವಂದಲ್ಲ ಅಂದ್ಮೇಲೆ ಅವ್ನಿಗ್ ಸಂಬಂಧ ಇಲ್ಲೆ. ಆದ್ರೆ ಒಂದ್ ಮಾತ್ ಮಾಣಿ. ಅತ್ತೆ ತಿರ್ಗಿ ಕೊಡ್ತ್ರ್ ಅಂದೇಳಿ ಮನ್ಸಲ್ಲಿ ಇಟ್ಕಂಡ್ ಕೊಟ್ರೆ ಅದ್ ದಾನ ಅಲ್ಲ, ನಾಟ್ಕ. ದೇವ್ರೆದ್ರಿಗೆ ನಾಟ್ಕ ಆಡುಕಾಗ. ಕೊಟ್ರೆ ಕೊಟ್ಟದ್ದೇ."

ನಮ್ಮ ಮನೆಯವರು ನನ್ನ ಕಡೆ ನೋಡಿದರು. ಅವರ ಪಾಲಿಗೆ ಇದ್ದದ್ದು ಆ ಮನೆಯೊಂದೇ, ಗದ್ದೆ ಗೇಣಿಯದ್ದು. ಎದ್ದು ಹೋಗಿ ತಂಬಿಗೆಯಲ್ಲಿ ನೀರು ತಂದರು. ತುಳಸಿ ಹಾಕಿ, ಅತ್ತೆಯ ಕೈಗೆ ಧಾರೆ ಎರೆದು ಮನೆ ಕೊಟ್ಟುಬಿಟ್ಟರು. ಕೊಟ್ಟ ಮೇಲೆ ಅವರ ಮುಖ ಹಗುರಾದದ್ದನ್ನು ನಾನು ನೋಡಿದೆ. ಆ ಮುಖ ನನಗೆ ಸಾಯುವವರೆಗೂ ಸಾಕು.

ಸುದ್ದಿ ಕೇಳಿ ಅವರ ದಾಯಾದಿ ಅಣ್ಣ ಒಬ್ಬರು ಓಡಿ ಬಂದರು. "ನಿಂಗ್ ಬುದ್ಧಿ ಇತ್ತಾ ಮಾರಾಯ? ನಾಳೆ ಅತ್ತೆ ಮನೀನ ಮಠಕ್ ಕೊಟ್ರೆ ಎಂತ ಮಾಡ್ತೆ?"

"ಮಠದಗೇ ಉಂಡ್ಕಂಡ್ ಇಪ್ಪುದ್. ಅಲ್ಲಿ ಪಾಯ್ಸ ಆದ್ರೂ ಸಿಕ್ಕತ್ತ್" ಎಂದರು ಇವರು.

ಇನ್ನು ಉಳಿದದ್ದು ಆಚಾರಿ. ಮನೆಯ ಯಜಮಾನರು ವೀಳ್ಯ ಕೊಡದೆ ಆಚಾರಿ ಮಾಡು ಏರಿಸುವ ಪದ್ಧತಿ ಇಲ್ಲ. ವಿಧವೆಯ ಕೈಯಿಂದ ಅಂಥ ಕೆಲಸಕ್ಕೆ ವೀಳ್ಯ ತೆಗೆದುಕೊಂಡವರನ್ನೂ ನಾನು ನೋಡಿರಲಿಲ್ಲ. ಅತ್ತೆ ಹರಿವಾಣದಲ್ಲಿ ಎಲೆ ಅಡಿಕೆ ತೆಂಗಿನಕಾಯಿ ಇಟ್ಟುಕೊಂಡು ಅಂಗಳಕ್ಕೆ ಬಂದರು. ಮಾತಿಗೆ ಎಂದೂ ಸೋಲದವರು ಹರಿವಾಣವನ್ನಷ್ಟೇ ಮುಂದೆ ಹಿಡಿದರು. ವಾಸು ಆಚಾರಿ ಕೈ ಚಾಚಲಿಲ್ಲ. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

"ಅಮ್ಮಾ, ನಂದೊಂದ್ ಮಾತಿತ್ತ್."

"ಹೇಳ್ ಆಚಾರಿ."

"ಮಾಡ್ ಏರ್ಸಿದ್ ದಿನ ಆಚಾರಿಗ್ ಹೊಸ ಪಂಚೆ ಕೊಡುದ್ ಕ್ರಮ. ನೀವ್ ಮನಿ ಒಡ್ತಿ ಆರೆ ನೀವೇ ಕೊಡ್ಕ್. ಒಡೆಯರ ಹತ್ರ ಕೇಣಿ ಅಂಬುಕಾಗ."

ಅತ್ತೆಗೆ ಆ ಕ್ಷಣಕ್ಕೆ ದನಿ ತಿರುಗಿ ಬಂತು. "ಈ ಕಂಟ್ರೋಲ್ ಕಾಲದಗೆ ಪಂಚೆಯಾ? ನನ್ ಕೆಂಪ್ ಸೀರೆ ಹರ್ದ್ ಕೊಡ್ತೆ, ಉಟ್ಕೋ!"

ಅಂಗಳದಲ್ಲಿದ್ದವರೆಲ್ಲ ನಕ್ಕರು. ಆ ನಗುವಿನ ನಡುವೆಯೇ ಆಚಾರಿ ಎರಡೂ ಕೈ ಚಾಚಿ ವೀಳ್ಯ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಅತ್ತೆ ಸೆರಗು ಮುಖಕ್ಕೆ ಎಳೆದುಕೊಂಡು ಒಳಗೆ ಹೋದರು. ಒಳಗೆಂದರೆ ಎಲ್ಲಿ, ಮಾಡೇ ಇಲ್ಲದ ಮನೆ. ಗೋಡೆಗೆ ಮುಖ ಮಾಡಿ ನಿಂತದ್ದು ಎಲ್ಲರಿಗೂ ಕಂಡಿತು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ನಮ್ಮ ಮನೆಯವರು ತಮ್ಮ ಮನೆಯಲ್ಲೇ ನೆಂಟರಾದರು. ಹಂಚು ಕೂರಿಸುವ ಒಂದು ರೀಪು ಎತ್ತಿ ಕೊಡಲು ಕೈ ಚಾಚಿದರೆ ಸಾಕು, ಅತ್ತೆ ಕೂಗುತ್ತಿದ್ದರು. "ಹ್ವಾಯ್ ನೆಂಟ್ರೇ, ಬದಿಗ್ ಕೂಕಣಿ! ಬೆಲ್ಲ ನೀರ್ ಬೇಕಾರೆ ಕೇಣಿ!" ಅತ್ತೆ ಮಾತ್ರ ಬೆಳಗಿಂದ ಸಂಜೆಯವರೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಈ ಕಲ್ಲು ಸೊಟ್ಟ, ಆ ಗಾರೆ ತೆಳು ಎಂದು ಕೆಲಸದವರ ಜೀವ ತಿನ್ನುತ್ತಿದ್ದರು. ಬಾಗಿಲ ಹಿಂದೆ ಸರಿಯೋಣವೆಂದರೆ ಬಾಗಿಲೇ ಇರಲಿಲ್ಲ. ಅದು ಅವರಿಗೆ ಒಗ್ಗಿತು.

ರೋಹಿಣಿ ಮಳೆ ಶುರುವಾಗುವ ಹೊತ್ತಿಗೆ ಪಕ್ಕಾಸು, ರೀಪು ಎಲ್ಲ ಕೂತಿತ್ತು. ಹಂಚು ಮಾತ್ರ ಬಂದಿರಲಿಲ್ಲ. ಕೊನೆಗೊಂದು ದಿನ ಗಾಡಿಗಳು ಬಂದು ರಸ್ತೆಯಲ್ಲಿ ನಿಂತವು. ಅಲ್ಲಿಂದ ಗದ್ದೆಯ ಅಂಚಿನ ಮೇಲೆ ಕೈಯಲ್ಲೇ ತರಬೇಕು. ಪಡುಗಡೆ ಆಕಾಶ ಕಪ್ಪಾಗಿತ್ತು. ಕೇರಿಯ ಗಂಡಸರು ಹೆಂಗಸರು, ಮೀನು ಮಾರಿ ತಿರುಗಿ ಹೋಗುತ್ತಿದ್ದ ಹೆಂಗಸರೂ ಬುಟ್ಟಿ ಕೆಳಗಿಟ್ಟು, ಅಂಚಿನುದ್ದಕ್ಕೆ ಸಾಲು ನಿಂತರು. ಕೈಯಿಂದ ಕೈಗೆ ಹಂಚು ದಾಟಲು ಶುರುವಾಯಿತು.

ಆಗ ನನಗೆ ಹೊಟ್ಟೆಯಲ್ಲಿ ನೋವು ಬಂತು. ಗೊತ್ತಿದ್ದ ನೋವು. ಎರಡು ಸಲವೂ ಹೀಗೆಯೇ ಬಂದದ್ದು.

ಕೊಟ್ಟಿಗೆಯ ಕಂಬ ಹಿಡಿದು ಕೂತುಬಿಟ್ಟೆ. ಅತ್ತೆ ಹೇಗೆ ನೋಡಿದರೋ. ಅರ್ಧ ಹೊದೆಸಿದ ಮಾಡು, ತಲೆಯ ಮೇಲೆ ಗುಡುಗು, ಎಲ್ಲವನ್ನೂ ಬಿಟ್ಟು ಓಡಿ ಬಂದರು. ನನ್ನನ್ನು ಮಲಗಿಸಿ, ಕಾಲ ಕೆಳಗೆ ಅಕ್ಕಿಮುಡಿ ಇಟ್ಟು ಎತ್ತರ ಮಾಡಿದರು. ಹೊರಗಿಂದ ಯಾರೋ "ಅಮ್ಮಾ, ಪಡುಬದಿ ಮೊದ್ಲ್ ಹಾಕುದಾ?" ಎಂದು ಕೇಳಿದರು.

"ಎಂತಾರೂ ಮಾಡಿ! ಬಿದ್ರೆ ಬೀಳ್ಲಿ! ನಂಗೆ ಮನಿ ಇಲ್ಲಿ ಮಲ್ಗಿತ್ತ್!"

ಹಾಗೆಂದು ನನ್ನ ಕೈ ಹಿಡಿದು ಕೂತರು. ನಮ್ಮ ಮನೆಯವರು ಕೊಟ್ಟಿಗೆಯ ಬಾಗಿಲಲ್ಲಿ, ಮನೆಯ ಕಡೆ ಬೆನ್ನು ಹಾಕಿ ನಿಂತಿದ್ದರು. ಗಾಳಿ ಎದ್ದಾಗ ಅವರು ಮೆಲ್ಲಗೆ ಕೇಳಿದರು. "ಅತ್ತೆ, ಹಸಿ ಗೋಡೆಗೆ ತೆಂಗಿನ್ ಮಡ್ಲ್ ಮುಚ್ಲಾ? ಅದ್ ಮನಿ ಕಟ್ಟಿದಾಂಗಲ್ಲ ಅಲ್ದಾ?" ಅತ್ತೆಗೆ ಆ ಹೊತ್ತಿನಲ್ಲೂ ನಗು ಬಂತು. "ಮುಚ್ಚ್. ನೆಂಟ್ರ್ ಅಷ್ಟ್ ಮಾಡುಕಾತ್ತ್" ಎಂದರು.

ಮಳೆ ನಾಲ್ಕು ಹನಿ ಹಾಕಿ ಬಡಗು ಬದಿಗೆ ಸರಿಯಿತು. ಬೈಂದೂರು ಕಡೆ ಸುರಿಯಿತೆಂದು ಆಮೇಲೆ ತಿಳಿಯಿತು. ನಮಗೆ ಆ ಅರ್ಧ ದಿನ ಸಿಕ್ಕಿತು. ದೇವರು ದೊಡ್ಡದಾಗಿ ಕೊಟ್ಟದ್ದು ಕಡಿಮೆ ಇರಬಹುದು, ಅರ್ಧ ದಿನ, ಒಂದು ತುಂಡು ಬೆಲ್ಲ, ಹೀಗೆ ಬೇಕಾದ ಹೊತ್ತಿಗೆ ಕೊಟ್ಟಿದ್ದಾನೆ. ಬೈಗಾಗುವಾಗ ಕೊನೆಯ ಹಂಚು ಕೂತಿತು. ಅಷ್ಟು ಹೊತ್ತಿಗೆ ನನ್ನ ನೋವೂ ಇಳಿದಿತ್ತು. ಯಾವುದು ಮೊದಲು ಎಂದು ನನಗೆ ಗೊತ್ತಿಲ್ಲ. ಕೇಳಿಕೊಂಡದ್ದು ಎರಡನ್ನೂ, ಸಿಕ್ಕಿದ್ದೂ ಎರಡು.

ಆಚಾರಿಗೆ ಪಂಚೆ ಕೊಟ್ಟದ್ದು ಅತ್ತೆಯೇ. ಕಾಶಿಗೆ ಹೋದವರು ಎಂದೋ ತಂದುಕೊಟ್ಟ, ತಮ್ಮ ಕೊನೆಯ ದಿನಕ್ಕೆಂದು ಇಟ್ಟುಕೊಂಡಿದ್ದ ಬಟ್ಟೆ ಅದು. "ಸತ್ತವ್ರಿಗೆಂತಕ್ ಹೊಸ ಬಟ್ಟೆ" ಎಂದರು.

ಮಳೆಗಾಲದಲ್ಲಿ ಗೋಡೆಗೆ ಗಾರೆ ಮೆತ್ತುವಾಗ ಬಾಗಿಲ ಪಕ್ಕದ ಕಲ್ಲಿನ ಮುಂದೆ ಅತ್ತೆ ಅಡ್ಡ ನಿಂತರು. "ಇದೊಂದ್ ಬಿಡ್. ಹೆಣ್ಣಿಗ್ ಇನ್ನೂ ಬಯ್ಕೆ ಮುಗಿಲಿಲ್ಲೆ." ದಿನಾ ಸಂಜೆ ಅದಕ್ಕೊಂದು ಬೊಗಸೆ ನೀರು ಹೊಡೆದು ನನ್ನನ್ನು ಕರೆಯುತ್ತಿದ್ದರು. "ಬಾ, ನಿನ್ನ ಕಾಪಿ ಆಯ್ತ್."

ದೀಪಾವಳಿ ಕಳೆದು ಆ ಹಂಚಿನ ಅಡಿಯಲ್ಲೇ ಹೆಣ್ಣುಮಗು ಹುಟ್ಟಿತು. ನಾಮಕರಣದ ದಿನ ಬಾಗಿಲು ಬಂದಿತ್ತು, ಆದರೆ ಅತ್ತೆ ಅದರ ಹಿಂದೆ ಹೋಗಲಿಲ್ಲ. ತಂಬಿಗೆ ಹಿಡಿದು ನೇರ ಭಟ್ಟರ ಎದುರು ಬಂದು ಕೂತರು. ಮನೆಯನ್ನು ಈಗ ಇವರಿಗೆ ತಿರುಗಿ ಕೊಡುತ್ತಾರೆ ಎಂದು ಎಲ್ಲರೂ ಎಣಿಸಿದರು. ಅತ್ತೆ ಮಗುವಿನ ಮುಷ್ಟಿ ಬಿಡಿಸಿ, ಆ ಅಂಗೈಗೆ ಒಂದು ಹನಿ ನೀರು ಬಿಟ್ಟರು.

"ಈ ಮಾಡಿನ ಅಡಿಗ್ ಹುಟ್ಟಿದ್ ಹೆಣ್ಣ್. ಇದ್ಕ್ ಕೊಟ್ಟೆ."

ದಾಯಾದಿ ಅಣ್ಣ ಸುಮ್ಮನಿರಲಿಲ್ಲ. "ಹೆಣ್ಣಿಗಾ? ಮದಿ ಆಯ್ ಹೋಪುದಲ್ದಾ ಅದ್?"

"ಹೋಯ್ಲಿ. ತಿರ್ಗಿ ಬಂದ್ರೆ ಬಾಗ್ಲ್ ಅದ್ರದ್ದೇ ಇರ್ಲಿ. ನಾ ತಿರ್ಗಿ ಬಂದ್ ದಿನ, ಬಾಗ್ಲ್ ತೆಗ್ದವ್ರ ಮುಖ ಕಂಡ್ ಒಳ್ಗ್ ಬಂದದ್ದ್."

ಅಷ್ಟೇ ಹೇಳಿದ್ದು.  ನಮ್ಮ ಮನೆಯವರು ಎದ್ದು ಅತ್ತೆಯ ಕಾಲಿಗೆ ಬಿದ್ದರು.

ಆ ಹನಿ ನೀರಿಗೆ ಕಾಗದ ಪತ್ರ ಏನೂ ಇರಲಿಲ್ಲ. ಆಮೇಲೆ ನನಗೆ ಇಬ್ಬರು ಗಂಡುಮಕ್ಕಳಾದರು. ಗೇಣಿಯ ಗದ್ದೆ ನಮ್ಮದೇ ಆಗಿ ಪಾಲಿನ ಮಾತು ಬಂದಾಗ, ಅತ್ತೆಯೂ ಇರಲಿಲ್ಲ, ಇವರೂ ಇರಲಿಲ್ಲ. ದೊಡ್ಡ ಮಗನೇ ಹೇಳಿದ. "ಮನಿ ಪಾಲಿಗ್ ಬಪ್ದಲ್ಲ. ಅದ್ ಅಕ್ಕಂದ್." ಚಿಕ್ಕವನು ತಲೆ ಆಡಿಸಿದ. ಅಳಿಯನಿಗೆ ವಂಡ್ಸೆಯ ಶಾಲೆಗೆ ವರ್ಗವಾಗಿ ಮಗಳು ಸಂಸಾರ ಸಮೇತ ಇಲ್ಲಿಗೇ ಬಂದಳು. ಬಾಗಿಲು ತೆಗೆದವಳು ನಾನು. ಅವಳು ನನ್ನ ಮುಖ ನೋಡಲಿಲ್ಲ, ಚಪ್ಪಲಿ ಬಿಟ್ಟು ನೇರ ಒಳಗೆ ನಡೆದು ನೀರು ಕುಡಿದಳು. ಅತ್ತೆ ಇದ್ದು ಅದನ್ನು ನೋಡಬೇಕಿತ್ತು.

ಇದನ್ನೆಲ್ಲ ಸುಣ್ಣ ಬಳಿಯುವವನಿಗೆ ಹೇಳಿದೆ. ಅವನು ಕೆಲಸ ನಿಲ್ಲಿಸದೆ ಕೇಳಿದ. ಕೊನೆಗೆ ಸಣ್ಣ ಕುಂಚ ತೆಗೆದುಕೊಂಡು, ಒಂದು ಚೂರೂ ತಾಗದ ಹಾಗೆ, ಕಲ್ಲಿನ ನಾಲ್ಕೂ ಅಂಚಿಗೆ ಸುಣ್ಣ ಬಳಿದ. ಹೋಗುವ ಹೊತ್ತಿಗೆ ತಲೆ ತುರಿಸಿಕೊಳ್ಳುತ್ತಾ ನಿಂತ.

"ಅಮ್ಮಾ, ಅದ್ರಗೆ ಒಂದ್ ಚೂರ್ ಕೆರ್ಕಂಡ್ ಹೋಯ್ಲಾ? ನಮ್ಮನಿ ಹೆಣ್ಣಿಗ್ ಈಗ ಮೂರನೇ ತಿಂಗ್ಳ್."

"ನಂಗ್ ಕೇಂಡ್ರೆ ಎಂತ ಆತ್ತ್ ಮಾರಾಯ? ಮನಿ ನಂದಲ್ಲ" ಎಂದೆ. "ಒಳ್ಗ್ ಹೋಯ್ ಮಗ್ಳತ್ರ ಕೇಣ್."